ಹಳೆಯ ಲಾರಿಯ ಸೆಂಟರ್ ಬೋಲ್ಟ್ ತುಂಡಾದಾಗ

ಲೀಫ್ ಸ್ಪ್ರಿಂಗ್‌ನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಲು ಬಹುತೇಕ ಸಂದರ್ಭಗಳಲ್ಲಿ, ಸ್ಪ್ರಿಂಗನ್ನು ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) ಬಿಗಿಯುವ ಯು-ಬೋಲ್ಟ್‌ಗಳು ಸಡಿಲಗೊಂಡಿರುವುದೇ ಕಾರಣವಾಗಿರುತ್ತದೆ. ಆದ್ದರಿಂದ ಸೆಂಟರ್ ಬೋಲ್ಟನ್ನಷ್ಟೇ ಬದಲಿಸಿದರೆ ಅದು ಮತ್ತೆ ತುಂಡಾಗುತ್ತದೆ. ಚಾಸಿಯನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಲಾರಿಯ ಕೆಳಗೆ ದಯವಿಟ್ಟು ಹೋಗಬೇಡಿ), ಪಟ್ಟಿಗಳು ಸಿಡಿದು ಬೇರ್ಪಡದಂತೆ ರಂಧ್ರದ ಎರಡೂ ಬದಿಗೆ ಸಿ-ಕ್ಲಾಂಪ್ ಬಿಗಿದ ನಂತರವೇ ಬೋಲ್ಟಿನ ತುಂಡನ್ನು ಪಂಚ್‌ನಿಂದ ಹೊರತಳ್ಳಬೇಕು. ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೂ ಗ್ಯಾಸ್‌ನಿಂದ ಕಾಯಿಸಬಾರದು, ಏಕೆಂದರೆ ಪಟ್ಟಿಯ ಹದ ಕೆಟ್ಟು ಅದು ಅಲ್ಲಿಯೇ ಮುರಿಯಬಹುದು. ಒಮ್ಮೆ ಬಿಗಿದ ಯು-ಬೋಲ್ಟ್ ಎಳೆತಕ್ಕೆ ಸಿಕ್ಕಿ ಉದ್ದವಾಗಿರುವ ಕಾರಣ ಹೊಸದನ್ನೇ ಹಾಕಿ, ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ (ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ಜಾಗ) ಕುಳಿಯಲ್ಲಿ ಪೂರ್ತಿ ಕೂತಿರುವುದನ್ನು ಟಾರ್ಚ್ ಬೆಳಕಿನಲ್ಲಿ ಖಚಿತಪಡಿಸಿಕೊಂಡು, ನಾಲ್ಕೂ ನಟ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ, ತಯಾರಕರು ಸೂಚಿಸಿದ ಟಾರ್ಕ್‌ಗೆ (ತಿರುಗಿಸಿ ಬಿಗಿಯುವ ಬಲದ ಅಳತೆ) ಬಿಗಿಯಿರಿ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕನ್ನು ಮತ್ತೊಮ್ಮೆ ತಪ್ಪದೆ ಪರೀಕ್ಷಿಸಬೇಕು.