ಚಿತ್ರದ ಮೇಲೆಯೇ ತಾರೀಖು

ಜಿಲ್ಲಾ ಪೊಲೀಸ್ ಕಚೇರಿಯ ಸಾಮಾಜಿಕ ಜಾಲತಾಣ ವಿಭಾಗಕ್ಕೆ ನನ್ನನ್ನು ಹಾಕಿದಾಗ ನಾನು ಹೆಡ್ ಕಾನ್‌ಸ್ಟೆಬಲ್. ವಿಭಾಗವೆಂದರೆ ಕಂಟ್ರೋಲ್ ರೂಮಿನ ಮೂಲೆಯಲ್ಲಿ ಒಂದು ಕಂಪ್ಯೂಟರ್, ಎರಡು ಮೊಬೈಲ್ ಮತ್ತು ಪಾಳಿಯ ಮೇಲೆ ಮೂವರು ಸಿಬ್ಬಂದಿ. ಪತ್ರಿಕಾ ಪ್ರಕಟಣೆಯನ್ನು ಇದ್ದಂತೆಯೇ ಫೇಸ್‌ಬುಕ್ಕಿಗೂ ಟ್ವಿಟರ್‌ಗೂ ಏರಿಸಿದರೆ ಕೆಲಸ ಮುಗಿಯಿತೆಂದು ಭಾವಿಸಿದ್ದೆ.

2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸಾಪಿನಲ್ಲಿ ಹಬ್ಬಿ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ವಲಸೆ ಕಾರ್ಮಿಕನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದಿದ್ದರು. ನಮ್ಮ ಜಿಲ್ಲೆಯಲ್ಲಿಯೂ ಅದೇ ಸುದ್ದಿ ಎದ್ದಾಗ, ಲೆಟರ್‌ಹೆಡ್ ಮೇಲೆ ಎರಡು ಪುಟದ ಸ್ಪಷ್ಟನೆ ಟೈಪ್ ಮಾಡಿಸಿ, ಸಹಿಯಾದ ಮೇಲೆ ಸ್ಕ್ಯಾನ್ ಮಾಡಿ ಎಲ್ಲ ಗುಂಪುಗಳಿಗೂ ಕಳುಹಿಸಿದೆ. ಮರುದಿನ ಬೀಟ್ ಸಿಬ್ಬಂದಿಯೊಬ್ಬರು ಫೋನ್ ಮಾಡಿ, "ಸಾರ್, ಅದನ್ನ ಇಲ್ಲಿ ಯಾರೂ ತೆಗೆದೇ ನೋಡಿಲ್ಲ. ಸುಳ್ಳು ಬಂದಿದ್ದು ವಾಯ್ಸ್‌ನಲ್ಲಿ, ನೀವೂ ವಾಯ್ಸ್‌ನಲ್ಲೇ ಹೇಳ್ಸಿ" ಎಂದರು. ಆ ಠಾಣೆಯ ಪಿಎಸ್‌ಐ ಅವರಿಂದ, ಊರುಗಳ ಹೆಸರನ್ನು ಒಂದೊಂದಾಗಿ ಹೇಳಿ, "ಇಲ್ಲೆಲ್ಲೂ ಮಗು ಕಳುವಾಗಿಲ್ಲ, ಅನುಮಾನ ಬಂದರೆ ಕೈಮಾಡಬೇಡಿ, ಠಾಣೆಗೆ ಫೋನ್ ಮಾಡಿ" ಎಂದು ನಲವತ್ತು ಸೆಕೆಂಡಿನಲ್ಲಿ ಆಡುಮಾತಿನಲ್ಲೇ ಹೇಳಿಸಿದೆವು. ಸಂಜೆಯೊಳಗೆ ಅದು ನಾವು ಕಳುಹಿಸದ ಗುಂಪುಗಳಿಂದ ನಮಗೇ ತಿರುಗಿ ಬಂದಿತು.

ವದಂತಿಯ ಚಿತ್ರದ ಮೂಲೆಯಲ್ಲಿ 'ಸುಳ್ಳು' ಎಂಬ ಕೆಂಪು ಮೊಹರು ಹಾಕಿ ಹಂಚಿದ್ದೂ ಉಂಟು. ಯಾರೋ ಆ ಮೂಲೆಯನ್ನು ಕತ್ತರಿಸಿ ಚಿತ್ರವನ್ನು ಮತ್ತೆ ಹರಿಯಬಿಟ್ಟರು. ಆದ್ದರಿಂದ ಈಗ ಮೊಹರು ಚಿತ್ರದ ನಡುವೆ, ಕರ್ಣರೇಖೆಯಂತೆ, ಮುಖ್ಯ ಭಾಗವನ್ನೇ ಮುಚ್ಚುವಂತೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ನನ್ನದೇ ಆಗಿತ್ತು. ಕಾಣೆಯಾದ ಬಾಲಕಿಯೊಬ್ಬಳ ಚಿತ್ರವನ್ನು ಹಾಕಿ, ವಿವರಗಳನ್ನೆಲ್ಲ ಕೆಳಗಿನ ಬರಹದಲ್ಲಿ ಕೊಟ್ಟಿದ್ದೆ. ಎರಡನೆಯ ದಿನವೇ ಆಕೆ ಸಿಕ್ಕಳು, ನಾವು ಪೋಸ್ಟ್ ಅಳಿಸಿದೆವು. ಆದರೆ ಜನ ಫಾರ್ವರ್ಡ್ ಮಾಡಿದ್ದು ಚಿತ್ರವನ್ನು ಮಾತ್ರ. ಬರಹ ಉದುರಿಹೋಗಿ, ಬೇರೆ ಬೇರೆ ಊರಿನ ಹೆಸರು ಸೇರಿಕೊಂಡು, ತಿಂಗಳುಗಟ್ಟಲೆ ಆ ಮನೆಯವರಿಗೆ ಕರೆಗಳು ಬರುತ್ತಲೇ ಇದ್ದವು, ಏಕೆಂದರೆ ಚಿತ್ರದ ಮೇಲೆ ನಾನು ಬರೆದಿದ್ದುದು ಅವರ ಮನೆಯ ಮೊಬೈಲ್ ಸಂಖ್ಯೆಯೊಂದನ್ನೇ. ಆಕೆಯ ತಂದೆ ಕಚೇರಿಗೆ ಬಂದು, ರಿಂಗಾಗುತ್ತಿದ್ದ ಫೋನನ್ನು ನನ್ನ ಮೇಜಿನ ಮೇಲಿಟ್ಟು, "ನೀವೇ ಮಾತಾಡಿ ಸ್ವಾಮಿ" ಎಂದರು. ಪ್ರಕರಣವೇನಾದರೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ಬರುವಂತಿದ್ದರೆ, ಗುಟ್ಟಾಗಿರಬೇಕಾದ ಮುಖವನ್ನು ನಾವೇ ಊರೂರಿಗೆ ಹಂಚಿದಂತಾಗುತ್ತಿತ್ತು.

ಅಂದಿನಿಂದ ಕಾಣೆಯಾದ ತಾರೀಖು, ಪ್ರಕಟಿಸಿದ ತಾರೀಖು ಮತ್ತು ಠಾಣೆಯ ದೂರವಾಣಿ ಸಂಖ್ಯೆಯನ್ನು ಚಿತ್ರದ ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚೊತ್ತುತ್ತೇವೆ. ಮನೆಯವರ ಸಂಖ್ಯೆಯನ್ನು ಕೊಡುವುದಿಲ್ಲ. ಪತ್ತೆಯಾದ ಮೇಲೆ ಪೋಸ್ಟ್ ಅಳಿಸುವುದಷ್ಟೇ ಅಲ್ಲದೆ, ಮುಖವನ್ನು ಮಸುಕುಗೊಳಿಸಿ 'ಪತ್ತೆಯಾಗಿದ್ದಾರೆ' ಎಂಬ ಚಿತ್ರವನ್ನು ಅದೇ ಗುಂಪುಗಳಿಗೆ ಕಳುಹಿಸುತ್ತೇವೆ.

ರಾತ್ರಿ ಇನ್‌ಬಾಕ್ಸಿನಲ್ಲಿ ತುರ್ತು ದೂರು ಬರೆಯುವವರಿಗೆ 112ಕ್ಕೆ, ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರಿಗೆ ತಡಮಾಡದೆ 1930ಕ್ಕೆ ಕರೆ ಮಾಡಿರೆಂಬ ಉತ್ತರ ತಾನಾಗಿಯೇ ಹೋಗುತ್ತದೆ.

ಹಳೆಯ ಚಿತ್ರಗಳು ಇಂದಿಗೂ ಸುತ್ತುತ್ತವೆ, ಕರೆಗಳು ನಿಂತಿಲ್ಲ. ಆದರೆ ಈಗ ಅವು ಠಾಣೆಗೆ ಬರುತ್ತವೆ, ಮತ್ತು ಕರೆ ಮಾಡಿದವರು "ಇದರ ಮೇಲೆ ಹೋದ ವರ್ಷದ ತಾರೀಖು ಇದೆಯಲ್ಲ, ಹುಡುಗಿ ಸಿಕ್ಕಳಾ?" ಎಂದೇ ಮಾತು ಶುರುಮಾಡುತ್ತಾರೆ.