ನೂಲಿನ ಗಿರಣಿಗೆ ಎಕ್ಸ್‌ಚೇಂಜ್ ಕರೆಂಟು: ಹಗಲು ಮಾತ್ರ ಕೊಂಡ ನನ್ನ ಅನುಭವ

ವಿದ್ಯುತ್ತಿನ ಸಗಟು ಮಾರುಕಟ್ಟೆಯಾದ ಪವರ್ ಎಕ್ಸ್‌ಚೇಂಜ್‌ನಿಂದ ಕರೆಂಟು ಕೊಳ್ಳುವುದು ಸಿಮೆಂಟು, ಉಕ್ಕಿನ ದೊಡ್ಡ ಕಾರ್ಖಾನೆಗಳ ಕೆಲಸ, ಬೆಸ್ಕಾಂ ಜೊತೆ 1,600 ಕೆ.ವಿ.ಎ. ಲೋಡಿನ ಒಪ್ಪಂದವಿರುವ ನೂಲಿನ ಗಿರಣಿಗೆ ಅದು ಗಿಟ್ಟುವುದಿಲ್ಲ ಎಂದು ದಾವಣಗೆರೆಯಲ್ಲಿ ನನಗೆ ಹೇಳದವರೇ ಇರಲಿಲ್ಲ. ನಮ್ಮ ಪಾಲುದಾರರಲ್ಲಿ ಹಿರಿಯರೊಬ್ಬರು ಸಭೆಯಲ್ಲೇ "ಕಂಬ ಅದೇ, ತಂತಿ ಅದೇ, ಬೇರೆ ಕರೆಂಟು ಹೆಂಗ್ ಬರ್ತೈತ್ರಿ?" ಎಂದು ಕೇಳಿದ್ದರು. ಕರೆಂಟು ಅದೇ ಬರುತ್ತದೆ, ಬಿಲ್ಲು ಬೇರೆ ಬರುತ್ತದೆ ಎಂದು ನಾನು ಉತ್ತರ ಕೊಟ್ಟೆ; ಅವರಿಗೆ ಅದು ಸಮಾಧಾನವಾದಂತೆ ಕಾಣಲಿಲ್ಲ. ಈಗ ತಿಂಗಳಿಗೆ ಹೆಚ್ಚೂಕಡಿಮೆ ಎರಡು ಲಕ್ಷ ರೂಪಾಯಿ ಉಳಿಯುತ್ತಿರುವುದರಿಂದ ಆ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ನಮ್ಮಂತೆಯೇ ಎಚ್.ಟಿ. ಸ್ಥಾವರ, ಅಂದರೆ ಹೈ ಟೆನ್ಷನ್ ಸಂಪರ್ಕ, ಇಟ್ಟುಕೊಂಡಿರುವ ಕೆಲವರು ಹೇಗೆ ಮಾಡಿದಿರಿ ಎಂದು ಪದೇಪದೇ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು. ಹತ್ತಿಪ್ಪತ್ತು ಪೈಸೆ ಆಚೀಚೆ ಇರಬಹುದು.

ನಮ್ಮವರ ಸಂಶಯಕ್ಕೆ ಹಳೆಯ ಕಾರಣವೂ ಇತ್ತು. 2008ರಲ್ಲಿ ಎಕ್ಸ್‌ಚೇಂಜ್ ಶುರುವಾದಾಗ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಒಂದೇ ಆವರ್ತನದಲ್ಲಿ ಓಡುತ್ತಿರಲಿಲ್ಲ. ಉತ್ತರದಿಂದ ಇಲ್ಲಿಗೆ ಕರೆಂಟು ತರುವ ದಾರಿ ಕಿರಿದಾಗಿದ್ದುದರಿಂದ ಮಾರುಕಟ್ಟೆ ಒಡೆದು, ದೇಶಕ್ಕೆಲ್ಲ ಒಂದು ಬೆಲೆಯಾದರೆ ನಮಗೆ ಅದಕ್ಕಿಂತ ಮೇಲಿನ ಬೆಲೆ ಬೀಳುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನ್ ಸೇರಿದ ಮೇಲೆ, ಮುಂದೆ ಇನ್ನಷ್ಟು ಲೈನ್‌ಗಳು ಬಂದ ಮೇಲೆ, ಆ ವ್ಯತ್ಯಾಸ ಕರಗುತ್ತ ಬಂದು ಈಗ ಬಹುತೇಕ ದಿನ ದೇಶಕ್ಕೆಲ್ಲ ಒಂದೇ ಬೆಲೆ ಇರುತ್ತದೆ. ನಮ್ಮ ಹಿರಿಯರ ತಲೆಯಲ್ಲಿ ಮಾತ್ರ ಹಳೆಯ ಬೆಲೆಯೇ ಉಳಿದಿತ್ತು.

ಮೊದಲ ಪ್ರಯತ್ನ ಸಲಹೆಗಾರರೊಬ್ಬರ ಮೂಲಕ ನಡೆಯಿತು, ಮತ್ತು ಅದು ಪೂರ್ತಿ ಸೋತಿತು. ಗಿರಣಿ ಇಪ್ಪತ್ತನಾಲ್ಕು ಗಂಟೆ ಓಡುವುದರಿಂದ ಇಪ್ಪತ್ತನಾಲ್ಕು ಗಂಟೆಗೂ ಸಮನಾಗಿ ಬ್ಲಾಕ್ ಬಿಡ್ ಹಾಕಿದರೆ ಆಯಿತು ಎಂಬುದು ಅವರ ಲೆಕ್ಕ. ಬ್ಲಾಕ್ ಬಿಡ್ ಎಂದರೆ ಸಿಕ್ಕರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಅಷ್ಟೂ ಗಂಟೆಗಳ ಸರಾಸರಿ ಬೆಲೆ ನಮ್ಮ ಬೆಲೆಗಿಂತ ಕೆಳಗಿದ್ದರೆ ಮಾತ್ರ ಅದು ಪಾಸಾಗುತ್ತದೆ. ಸಂಜೆ ಸೂರ್ಯ ಇಳಿದ ಮೇಲೆ ಎಕ್ಸ್‌ಚೇಂಜ್ ಬೆಲೆ ಗರಿಷ್ಠ ಮಿತಿಗೇ ತಾಗುತ್ತಿದ್ದ ಕಾಲ ಅದು. ಆ ಮಿತಿಯನ್ನು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2022ರಲ್ಲಿ ಯೂನಿಟ್‌ಗೆ 12 ರೂಪಾಯಿಗೆ, 2023ರಲ್ಲಿ 10 ರೂಪಾಯಿಗೆ ಇಳಿಸಿದ್ದು ನಿಮಗೆ ನೆನಪಿರಬಹುದು. ಸಂಜೆಯ ನಾಲ್ಕು ಗಂಟೆ ಇಡೀ ದಿನದ ಸರಾಸರಿಯನ್ನು ಮೇಲಕ್ಕೆ ಎಳೆದು, ನಮ್ಮ ಬಿಡ್ ವಾರಗಟ್ಟಲೆ ಬಿದ್ದುಹೋಗುತ್ತಿತ್ತು. ಅಪರೂಪಕ್ಕೆ ಪಾಸಾದ ದಿನವೂ ಲಾಭ ಕಾಣಲಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೆಸ್ಕಾಂ ದರದಲ್ಲೇ ಯೂನಿಟ್‌ಗೆ ಒಂದು ರೂಪಾಯಿ ರಿಯಾಯಿತಿ ಇರುವಾಗ, ಅದೇ ಹೊತ್ತಿಗೆ ಸರ್‌ಚಾರ್ಜ್ ಎಂಬ ಮೇಲುಶುಲ್ಕ ಕಟ್ಟಿ ಹೊರಗಿನ ಕರೆಂಟು ತರುವುದರಲ್ಲಿ ಅರ್ಥವೇ ಇರಲಿಲ್ಲ. ಸಲಹೆಯ ಶುಲ್ಕ, ಅರ್ಜಿಯ ಶುಲ್ಕ, ಎಕ್ಸ್‌ಚೇಂಜ್ ಖಾತೆಯ (ಪೋರ್ಟ್‌ಫೋಲಿಯೊ) ಖರ್ಚು ಎಲ್ಲ ಸೇರಿ ಮೂರು ಲಕ್ಷದ ಮೇಲೆ ಹೋಯಿತು. ಆ ಸಲಹೆಗಾರರು ಕೊನೆಗೆ ನಿಮ್ಮ ಲೋಡೇ ಚಿಕ್ಕದು ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡರು.

ಆ ಮೇಲೆ ನಾನೇ ಲೆಕ್ಕಕ್ಕೆ ಕೂತೆ. ಬೆಸ್ಕಾಂ ಕೊಡುವ ಚಿಲ್ಲರೆ ದರವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ವಿಚಾರಣೆ ನಡೆಸಿ ನಿಗದಿ ಮಾಡುತ್ತದೆ. ಹಗಲಿಗೆ ಅದು ಹೆಚ್ಚೂಕಡಿಮೆ ಒಂದೇ. ಸಗಟು ಬೆಲೆ ಮಾತ್ರ ದಿನದ 96 ಬ್ಲಾಕ್‌ಗಳಲ್ಲಿ, ಅಂದರೆ ಹದಿನೈದು ನಿಮಿಷಕ್ಕೊಮ್ಮೆ, ಬೇರೆಬೇರೆ. ಬಿಸಿಲಿನ ಹೊತ್ತಿನಲ್ಲಿ ಎರಡೂವರೆಯಿಂದ ಮೂರೂಕಾಲು ರೂಪಾಯಿಗೆ ಸಿಗುತ್ತಿದ್ದ ಯೂನಿಟ್‌ಗೆ ಸಂಜೆ ಏಳಕ್ಕೆ ಹತ್ತು ರೂಪಾಯಿ ಇತ್ತು. ಹಾಗಿರುವಾಗ ದಿನವನ್ನು ಇಡಿಯಾಗಿ ಕೊಳ್ಳುವುದೇಕೆ? ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಬ್ಲಾಕ್‌ಗಳನ್ನು ಮಾತ್ರ ಹೊರಗಿನಿಂದ ಕೊಂಡು, ಸಂಜೆ ಮತ್ತು ರಾತ್ರಿಯನ್ನು ಬೆಸ್ಕಾಂಗೇ ಬಿಟ್ಟುಬಿಡುವುದು ಎಂದು ನಿರ್ಧರಿಸಿದೆ. ಇಷ್ಟು ಸರಳವಾದದ್ದನ್ನು ಯಾರೂ ಒಪ್ಪಲಿಲ್ಲ. ಏಳು ಗಂಟೆಯ ಕರೆಂಟಿಗಾಗಿ ಇಷ್ಟೆಲ್ಲ ಕಾಗದಪತ್ರ ಯಾರು ಮಾಡುತ್ತಾರೆ ಎಂದರು.

ಎಕ್ಸ್‌ಚೇಂಜ್‌ನ ಬೆಲೆ ನೋಡಿ ಮರುಳಾಗಬಾರದು. ನೋಡಬೇಕಾದ್ದು ಗಿರಣಿಯ ಮೀಟರಿಗೆ ಬಂದು ಮುಟ್ಟಿದ ಬೆಲೆಯನ್ನು. ನಮ್ಮ ಲೆಕ್ಕ ಹೀಗಿತ್ತು. ಯೂನಿಟ್‌ಗೆ 2.80 ರೂಪಾಯಿಗೆ ಕೊಂಡರೆ, ದಾರಿಯಲ್ಲಿನ ನಷ್ಟ ಸೇರಿ ಹತ್ತರಲ್ಲೊಂದು ಭಾಗ ಕಡಿಮೆ ಮುಟ್ಟುವುದರಿಂದ ಅದು 3.10 ಆಯಿತು. ಅಂತರರಾಜ್ಯ ಪ್ರಸರಣ, ರಾಜ್ಯದ ಪ್ರಸರಣ, ವೀಲಿಂಗ್ (ಬೆಸ್ಕಾಂ ತಂತಿಯ ಬಾಡಿಗೆ), ಎಕ್ಸ್‌ಚೇಂಜ್ ಮತ್ತು ಅಲ್ಲಿ ನಮ್ಮ ಪರವಾಗಿ ಬಿಡ್ ಹಾಕುವ ಸದಸ್ಯ ಸಂಸ್ಥೆಯ ಶುಲ್ಕ ಇವೆಲ್ಲ ಸೇರಿ ಸುಮಾರು 1.20. ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಮತ್ತು ಹೆಚ್ಚುವರಿ ಸರ್‌ಚಾರ್ಜ್ ಸೇರಿ 1.80ರ ಹತ್ತಿರ. ಒಟ್ಟು 6.10. ಅದೇ ಹೊತ್ತಿಗೆ ಬೆಸ್ಕಾಂ ಯೂನಿಟ್ ಇಂಧನ ಹೊಂದಾಣಿಕೆ, ತೆರಿಗೆ ಎಲ್ಲ ಸೇರಿ ನಮಗೆ 7.25ರ ಆಸುಪಾಸಿನಲ್ಲಿ ಬೀಳುತ್ತಿತ್ತು. ರೈತರ ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟು ಕೊಡುವ ರಾಜ್ಯದಲ್ಲಿ ಕೈಗಾರಿಕೆಯವರು ಸರಾಸರಿ ವೆಚ್ಚಕ್ಕಿಂತ ಹೆಚ್ಚು ಕೊಟ್ಟೇ ಕೊಡಬೇಕು. ಹೊರಗೆ ಕೊಳ್ಳಲು ಹೋದರೂ ಆ ಭಾರ ಸರ್‌ಚಾರ್ಜ್ ರೂಪದಲ್ಲಿ ಬೆನ್ನುಹತ್ತಿ ಬರುತ್ತದೆ. ಅದಕ್ಕೆ ಗೊಣಗಿ ಪ್ರಯೋಜನವಿಲ್ಲ. ಡಿಮ್ಯಾಂಡ್ ಶುಲ್ಕವೂ ಒಪ್ಪಂದದ ಲೋಡಿನ ಮೇಲೆ ಎಂದಿನಂತೆ ಬೀಳುತ್ತದೆ, ಅದರಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ಉಳಿತಾಯ ಲೆಕ್ಕ ಹಾಕುವಾಗ ಇದನ್ನು ಮರೆತು ಕುಣಿದಾಡಿದ ಒಬ್ಬರನ್ನು ನಾನು ಬಲ್ಲೆ.

ಈ ಲೆಕ್ಕವನ್ನು ತಿರುಗಿಸಿ ಹಾಕಿದರೆ ನಾವು ಕೊಡಬಹುದಾದ ಗರಿಷ್ಠ ಸಗಟು ಬೆಲೆ ಸಿಗುತ್ತದೆ. ನಮಗೆ ಅದು 3.85ರ ಹತ್ತಿರ ಬಂತು. ತೊಂದರೆಗೆಂದು ಸ್ವಲ್ಪ ಅಂತರ ಬಿಟ್ಟು 3.60ಕ್ಕೆ, ಅಂದರೆ ಎಕ್ಸ್‌ಚೇಂಜ್ ಭಾಷೆಯಲ್ಲಿ ಮೆಗಾವ್ಯಾಟ್ ಅವರ್‌ಗೆ 3,600 ರೂಪಾಯಿಗೆ, ಮಿತಿ ಹಾಕಿಕೊಂಡೆ. ನಮ್ಮ ಎ.ಪಿ.ಎಂ.ಸಿ.ಯ ಮೆಕ್ಕೆಜೋಳದ ಟೆಂಡರಿನಲ್ಲಿ ಒಂದೊಂದು ಲಾಟು ಅದಕ್ಕೆ ಬರೆದ ಬೆಲೆಗೇ ಹೋಗುತ್ತದೆ. ಇಲ್ಲಿ ಹಾಗಲ್ಲ, ಕೊಳ್ಳುವವರ ಮತ್ತು ಮಾರುವವರ ಗೆರೆಗಳು ಎಲ್ಲಿ ಕೂಡುತ್ತವೆಯೋ ಆ ಒಂದೇ ಬೆಲೆ ಆ ಬ್ಲಾಕಿನ ಎಲ್ಲರಿಗೂ. ಆದ್ದರಿಂದ ನಿಜವಾದ ಮಿತಿಯನ್ನೇ ಬರೆದರೆ ನಷ್ಟವಿಲ್ಲ, ಚೌಕಾಸಿಯ ಬುದ್ಧಿ ತೋರಿಸುವ ಅಗತ್ಯವೂ ಇಲ್ಲ.

ಬಿಡ್ ತುಂಬುವ ರೀತಿಯಲ್ಲಿ ಒಂದು ಸಂಗತಿ ಇದೆ, ಅದು ತಿಳಿಯುವವರೆಗೆ ನಮಗೆ ಸಿಗುತ್ತಿದ್ದ ಕರೆಂಟಿನ ಪ್ರಮಾಣ ವಿಚಿತ್ರವಾಗಿರುತ್ತಿತ್ತು. ಒಂದೊಂದು ಬ್ಲಾಕಿಗೂ ಬೇರೆಯಾಗಿ ಹಾಕುವ ಸಿಂಗಲ್ ಬಿಡ್‌ನಲ್ಲಿ ಬೆಲೆ ಮತ್ತು ಪ್ರಮಾಣದ ಜೋಡಿಗಳನ್ನು ಕೊಡುತ್ತೇವೆ. ಸೊನ್ನೆ ಬೆಲೆಗೆ 1.3 ಮೆಗಾವ್ಯಾಟ್, 3,600ಕ್ಕೆ ಸೊನ್ನೆ ಎಂದು ಎರಡೇ ಜೋಡಿ ಬರೆದರೆ, ವ್ಯವಸ್ಥೆ ಅವೆರಡರ ನಡುವೆ ನೇರ ಗೆರೆ ಎಳೆದು ಲೆಕ್ಕ ಹಾಕುತ್ತದೆ. ಬೆಲೆ 1,800 ಬಂದಾಗ ನಮಗೆ ಸಿಗುವುದು ಅರ್ಧವೇ. ಬೆಲೆ ಅಗ್ಗವಾದ ದಿನವೂ ಪೂರ್ತಿ ಸಿಗದೆ, ಬ್ಲಾಕಿನಿಂದ ಬ್ಲಾಕಿಗೆ ಪ್ರಮಾಣ ಏರಿಳಿಯುತ್ತಿದ್ದುದಕ್ಕೆ ಇದೇ ಕಾರಣ. 3,600ಕ್ಕೆ ಪೂರ್ತಿ 1.3, 3,601ಕ್ಕೆ ಸೊನ್ನೆ ಎಂದು ಪಕ್ಕಪಕ್ಕದಲ್ಲೇ ಬರೆದ ಮೇಲೆ ಸರಿಹೋಯಿತು. ಮಧ್ಯದ ಜೋಡಿಗಳನ್ನು ವಾರದ ಯಾವ ದಿನ ಹೇಗೆ ಇಡುತ್ತೇನೆ, ಭಾನುವಾರ ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನಾನು ದುಡ್ಡು ಕೊಟ್ಟಿದ್ದೇನೆ.

ಕಾಗದಪತ್ರದ ಕೆಲಸ ಬೇಸರದ್ದೇ. ರಾಜ್ಯದ ಗ್ರಿಡ್ಡಿನಲ್ಲಿ ಕರೆಂಟಿನ ಹರಿವನ್ನು ನೋಡಿಕೊಳ್ಳುವ ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಅನುಮತಿ ಬೇಕು, ಅದಕ್ಕೆ ಮೊದಲು ಹದಿನೈದು ನಿಮಿಷದ ದಾಖಲೆ ಇಡುವ ಎ.ಬಿ.ಟಿ. ಮೀಟರ್ ಕೂರಿಸಿ ಪರೀಕ್ಷೆ ಮಾಡಿಸಿರಬೇಕು. ಒಂದು ಕಚೇರಿಯಲ್ಲಿ ಅದೇ ಪತ್ರವನ್ನು ಮೂರು ನಮೂನೆಯಲ್ಲಿ ಕೇಳಿದರು, ಕೊಟ್ಟೆವು. ಮೀಟರ್, ಅದಕ್ಕೆ ಜೋಡಿಸುವ ಹೊಸ ಸಿ.ಟಿ.-ಪಿ.ಟಿ. ಪೆಟ್ಟಿಗೆ, ಪರೀಕ್ಷೆಯ ಶುಲ್ಕ ಎಲ್ಲ ಸೇರಿ ಐದು ಲಕ್ಷದಷ್ಟಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಫೀಡರಿನಿಂದ, ಅಂದರೆ ಸಬ್‌ಸ್ಟೇಷನ್ನಿನಿಂದ ನಮಗೆ ಕರೆಂಟು ತರುವ ಲೈನಿನಿಂದ. ನಮ್ಮ 11 ಕೆ.ವಿ. ಫೀಡರಿನ ಮೇಲೆ ಅಕ್ಕಪಕ್ಕದ ಹಳ್ಳಿಗಳ ಲೋಡೂ ಇತ್ತು. ಲೈನ್ ಟ್ರಿಪ್ ಆದರೆ ಗಿರಣಿ ನಿಲ್ಲುತ್ತದೆ, ಆದರೆ ಹಿಂದಿನ ದಿನವೇ ಕೊಂಡ ಕರೆಂಟಿಗೆ ದುಡ್ಡು ಕಟ್ಟಿಯಾಗಿದೆ, ಅದು ನಿಲ್ಲುವುದಿಲ್ಲ. ತೆಗೆದುಕೊಳ್ಳದೆ ಉಳಿದ ಯೂನಿಟ್‌ಗೆ ನಮ್ಮ ಬಿಲ್ಲಿನಲ್ಲಿ ಏನೂ ಹಿಂದಕ್ಕೆ ಬರಲಿಲ್ಲ. ಮೊದಲ ಮಳೆಗಾಲದಲ್ಲಿ ಇದರಿಂದಲೇ ಒಂದೂವರೆ ಲಕ್ಷದಷ್ಟು ಸೋರಿಹೋಯಿತು. ಕೊನೆಗೆ ಸಬ್‌ಸ್ಟೇಷನ್ನಿನಿಂದ ನಮಗೇ ಪ್ರತ್ಯೇಕ ಎಕ್ಸ್‌ಪ್ರೆಸ್ ಫೀಡರ್ ಎಳೆಸಿದೆವು, ಸ್ವಂತ ಖರ್ಚಿನಲ್ಲಿ ಹದಿನಾಲ್ಕು ಲಕ್ಷ. ಹಿರಿಯ ಪಾಲುದಾರರು ಆ ದಿನ ಚೆಕ್ಕಿಗೆ ಸಹಿ ಹಾಕಿದ ಮುಖವನ್ನು ನಾನು ವರ್ಣಿಸುವುದಿಲ್ಲ. ಆದರೆ ಟ್ರಿಪ್ಪಿಂಗ್ ಕಡಿಮೆಯಾದ್ದರಿಂದ ನೂಲುವ ಯಂತ್ರಗಳಾದ ರಿಂಗ್ ಫ್ರೇಮ್‌ಗಳಲ್ಲಿ ನೂಲು ತುಂಡಾಗುವುದೂ ತಗ್ಗಿತು. ಆ ಲಾಭವನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಇನ್ನೊಂದು ಸೋರಿಕೆ ಹುಡುಕಲು ಹೆಚ್ಚು ಸಮಯ ಹಿಡಿಯಿತು. ದಿನದ ಮೊದಲ ಬ್ಲಾಕಿನಲ್ಲಿ ನಾವು ಕೊಂಡದ್ದಕ್ಕಿಂತ ಕಡಿಮೆ ಎಳೆದಂತೆಯೂ ಕೊನೆಯ ಬ್ಲಾಕ್ ಮುಗಿದ ನಂತರದ ಬ್ಲಾಕಿನಲ್ಲಿ ಹೆಚ್ಚು ಎಳೆದಂತೆಯೂ ವರದಿಯಲ್ಲಿ ಪ್ರತಿದಿನ ಬರುತ್ತಿತ್ತು. ಹತ್ತಿ ಬಿಡಿಸಿ ಸ್ವಚ್ಛ ಮಾಡುವ ಬ್ಲೋ ರೂಮನ್ನು ನಾವು ಸರಿಯಾಗಿ 9ಕ್ಕೆ ಚಾಲೂ ಮಾಡಿ 4ಕ್ಕೆ ನಿಲ್ಲಿಸುತ್ತಿದ್ದೆವು, ಹಾಗಾಗಿ ಇದು ಹೇಗೆಂದು ಅರ್ಥವಾಗಲಿಲ್ಲ. ಮೀಟರಿನ ಹದಿನೈದು ನಿಮಿಷದ ದಾಖಲೆ ಇಳಿಸಿಕೊಂಡು, ಪ್ಯಾನಲ್ ಮುಂದೆ ಮೊಬೈಲ್ ಹಿಡಿದು ನಿಂತು ನೋಡಿದಾಗ ತಿಳಿಯಿತು: ಮೀಟರಿನ ಗಡಿಯಾರ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ನಿಜದ ಸಮಯ 8:56 ಆಗಿರುವಾಗಲೇ ಅದರ ಲೆಕ್ಕದಲ್ಲಿ 9 ಹೊಡೆದಿರುತ್ತಿತ್ತು, ಬ್ಲೋ ರೂಮ್ ಇನ್ನೂ ಶುರುವಾಗಿರುತ್ತಿರಲಿಲ್ಲ. ಗಡಿಯಾರ ಸರಿಪಡಿಸಲು ಅರ್ಜಿ ಕೊಟ್ಟು, ಸೀಲ್ ಒಡೆಸಿ, ಮತ್ತೆ ಸೀಲ್ ಹಾಕಿಸಬೇಕಾಯಿತು. ಈಗ ತಿಂಗಳಿಗೊಮ್ಮೆ ಗಡಿಯಾರದ ಹೊಂದಾಣಿಕೆಯನ್ನು ನೋಡುತ್ತೇನೆ.

ಬ್ಲೋ ರೂಮಿನ ವಿಷಯ ಬಂದದ್ದರಿಂದ ಅದನ್ನೂ ಹೇಳುತ್ತೇನೆ. ರಿಂಗ್ ಫ್ರೇಮ್‌ಗಳನ್ನು ನಿಲ್ಲಿಸುವ ಹಾಗಿಲ್ಲ, ಆದರೆ ಮುಂದಿನ ಇಲಾಖೆಗಳಿಗೆ ಬೇಕಾದ ಸ್ಲೈವರನ್ನು, ಅಂದರೆ ಹಿಂಜಿದ ಹತ್ತಿಯ ಎಳೆಯನ್ನು, ಹಗಲಿನಲ್ಲೇ ಕ್ಯಾನ್‌ಗಳಲ್ಲಿ ತುಂಬಿಟ್ಟುಕೊಳ್ಳಬಹುದು. ಹೆಚ್ಚುವರಿ ಕ್ಯಾನ್‌ಗಳನ್ನು ಕೊಂಡು, ಬ್ಲೋ ರೂಮ್ ಪೂರ್ತಿಯನ್ನೂ ಹತ್ತಿ ಹಿಂಜುವ ಕಾರ್ಡಿಂಗಿನ ಬಹುಪಾಲನ್ನೂ ಹಗಲಿಗೆ ತಂದೆವು. ಕ್ಯಾನ್ ಇಡಲು ಜಾಗ ಸಾಲದೆ ಒಂದಷ್ಟು ದಿನ ಓಡಾಡುವ ದಾರಿಯೇ ಮುಚ್ಚಿಹೋಗಿತ್ತು. ಮಾಡಿನ ಮೇಲೆ ಸೋಲಾರ್ ಹಾಕಿಸುವ ವಿಚಾರವನ್ನೂ ಇದೇ ಹೊತ್ತಿನಲ್ಲಿ ಕೈಬಿಟ್ಟೆ, ಏಕೆಂದರೆ ಅದು ಕರೆಂಟು ಕೊಡುವುದೂ ಎಕ್ಸ್‌ಚೇಂಜ್ ಅಗ್ಗವಾಗಿರುವುದೂ ಒಂದೇ ಹೊತ್ತಿನಲ್ಲಿ.

ಗಾಳಿಯ ಬಗ್ಗೆ ಒಂದು ಪ್ರಯೋಗ ಮಾಡಿ ನೋಡಿದೆ. ಚಿತ್ರದುರ್ಗಕ್ಕೆ ಹೋಗಿಬರುವಾಗ ಜೋಗಿಮಟ್ಟಿಯ ಕಡೆಯ ಗಾಳಿಯಂತ್ರಗಳು ಆಷಾಢದಲ್ಲಿ ಭರದಿಂದ ತಿರುಗುವುದನ್ನು ಕಂಡು, ಗಾಳಿ ಬಲವಾದ ದಿನ ಬೆಲೆ ಇಳಿಯುತ್ತದೆ ಎಂದು ಊಹಿಸಿ ಕೆಲವು ವಾರ ಬರೆದಿಟ್ಟೆ. ಹೊಂದಾಣಿಕೆ ಅಷ್ಟಾಗಿ ಕಾಣಲಿಲ್ಲ. ಇಲ್ಲಿನ ಗಾಳಿ ವಿದ್ಯುತ್ತು ಬಹುಪಾಲು ದೀರ್ಘಾವಧಿ ಒಪ್ಪಂದದಲ್ಲಿ ಬೆಸ್ಕಾಂನಂಥ ಎಸ್ಕಾಂಗಳಿಗೇ ಹೋಗುವುದರಿಂದ ಅದು ಎಕ್ಸ್‌ಚೇಂಜಿನಲ್ಲಿ ಮಾರಾಟಕ್ಕೆ ಬರುವುದು ಕಡಿಮೆ. ಎಸ್ಕಾಂಗಳು ಹೊರಗೆ ಕೊಳ್ಳುವುದು ತಗ್ಗುತ್ತದೆ, ಅಷ್ಟೇ. ಬೆಲೆ ನಿರ್ಧಾರವಾಗುವುದು ದೇಶದ ಮಟ್ಟದಲ್ಲಿ. ಹಗಲಿನ ಬೆಲೆಗೆ ಸೋಲಾರ್ ಪಾರ್ಕ್ ಇರುವ ಪಾವಗಡದ ಮುಗಿಲಿಗಿಂತ ರಾಜಸ್ಥಾನದ ಮುಗಿಲು ಹೆಚ್ಚು ಮುಖ್ಯ ಎಂಬುದು ಇದರಿಂದ ತಿಳಿಯಿತು. 2020ರ ಜೂನ್‌ನಲ್ಲಿ ಶುರುವಾದ ರಿಯಲ್ ಟೈಮ್ ಮಾರುಕಟ್ಟೆಯನ್ನೂ ಪ್ರಯತ್ನಿಸಿದೆ. ಅರ್ಧ ಗಂಟೆಗೊಮ್ಮೆ ಹರಾಜು ನಡೆಯುವ ಅಲ್ಲಿ ಕೆಲವೊಮ್ಮೆ ಬಹಳ ಅಗ್ಗವಾಗಿ ಸಿಗುತ್ತದೆ, ಆದರೆ ಅದಕ್ಕೆ ದಿನವಿಡೀ ಒಬ್ಬ ಮನುಷ್ಯ ಪರದೆಯ ಮುಂದೆ ಕೂರಬೇಕು. ನಮ್ಮ ಲೋಡಿಗೆ ಅವನ ಸಂಬಳವೂ ಹುಟ್ಟುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟಾಗ ಮಾತ್ರ ಈ ವಿಧಾನ ನಿಂತಿತು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದ ಉತ್ಪಾದಕರು ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸುವಷ್ಟು ಕೊರತೆ ಇತ್ತು, ಹಗಲಿನ ಬೆಲೆಯೂ ನಮ್ಮ ಮಿತಿಯನ್ನು ದಾಟುತ್ತಿತ್ತು. ಬಿಡ್ ಬಿದ್ದುಹೋದರೆ ಬೆಸ್ಕಾಂ ಕರೆಂಟು ಇದ್ದೇ ಇದೆ, ಆದ್ದರಿಂದ ನಷ್ಟವೇನೂ ಆಗಲಿಲ್ಲ, ಉಳಿತಾಯ ಆಗಲಿಲ್ಲ ಅಷ್ಟೇ. ಉಳಿದ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 8,400 ಯೂನಿಟ್, ಯೂನಿಟ್‌ಗೆ ಒಂದು ರೂಪಾಯಿಯ ಮೇಲೆ ಉಳಿತಾಯ. ಬಿಡ್ ಬೀಳುವ ದಿನ, ಗಿರಣಿ ನಿಲ್ಲುವ ದಿನ ಕಳೆದರೂ ಹಾಕಿದ ಇಪ್ಪತ್ತೆರಡು ಲಕ್ಷ ವರ್ಷದೊಳಗೇ ಹೆಚ್ಚೂಕಡಿಮೆ ವಸೂಲಾಯಿತು.

ಈಗ ದಿನಚರಿ ಇಷ್ಟೇ: ಬೆಳಿಗ್ಗೆ 10ರೊಳಗೆ ಮರುದಿನ ಯಾವ ಯಂತ್ರ ಓಡುತ್ತದೆ ಎಂದು ಸ್ಪಿನ್ನಿಂಗ್ ಮಾಸ್ಟರ್ ಬರೆದು ಕೊಡುತ್ತಾರೆ, 12ರೊಳಗೆ ಬಿಡ್ ಹೋಗುತ್ತದೆ, ಮಧ್ಯಾಹ್ನ ಫಲಿತಾಂಶ ಬರುತ್ತದೆ. ಬಿಡ್‌ಗೆ ಬೇಕಾದ ಹಣ ಆ ಹೊತ್ತಿಗೆ ಖಾತೆಯಲ್ಲಿ ಇರಲೇಬೇಕು, ಇದಕ್ಕೆಂದೇ ನಾಲ್ಕೈದು ಲಕ್ಷ ಪ್ರತ್ಯೇಕವಾಗಿ ಇಟ್ಟಿದ್ದೇವೆ. ಒಂದು ಮೆಗಾವ್ಯಾಟ್‌ಗಿಂತ ಕಡಿಮೆ ಲೋಡ್ ಇರುವವರಿಗೆ ಈ ದಾರಿ ತೆರೆದಿಲ್ಲ. ಹೊರಗಿನಿಂದ ಹೀಗೆ ಕರೆಂಟು ಕೊಳ್ಳುವುದಕ್ಕೆ ಓಪನ್ ಆಕ್ಸೆಸ್ ಎನ್ನುತ್ತಾರೆ; 2022ರ ಹಸಿರು ಓಪನ್ ಆಕ್ಸೆಸ್ ನಿಯಮದಲ್ಲಿ ನವೀಕರಿಸಬಹುದಾದ ವಿದ್ಯುತ್ತಿಗೆ ಮಿತಿ 100 ಕಿಲೋವ್ಯಾಟ್‌ಗೆ ಇಳಿದಿರುವುದರಿಂದ ಅವರು ಆ ಲೆಕ್ಕ ಹಾಕಿ ನೋಡಬಹುದು. ಆ ನಿಯಮದಲ್ಲಿ ಕನಿಷ್ಠ ಹನ್ನೆರಡು ಬ್ಲಾಕ್, ಅಂದರೆ ಮೂರು ಗಂಟೆ, ಪ್ರಮಾಣವನ್ನು ಬದಲಿಸದೆ ಹಿಡಿದಿಡಬೇಕು, ಲೈನ್ ಪದೇಪದೇ ಟ್ರಿಪ್ ಆಗುವ ಕಡೆ ಅದು ಕಷ್ಟ; ಆದ್ದರಿಂದ ಚಿಕ್ಕ ಲೋಡಿನ ಅಕ್ಕಿ ಗಿರಣಿಯವರು ಕೇಳಲು ಬಂದರೆ ನಾನು ಮೊದಲು ಕೇಳುವುದು ನಿಮ್ಮ ಫೀಡರ್ ಯಾವುದು ಎಂದೇ.