ಬೀದಿಬದಿಗೆ ಮಹಾಗನಿ: ಸಸಿಯಿಂದ ನೆರಳಿನವರೆಗೆ ನಾನು ಅನುಸರಿಸುವ ಕ್ರಮ

ಬೆಂಗಳೂರಿನಲ್ಲಿ ಬೀದಿಗೆ ಮರ ಆರಿಸುವಾಗ ನಾನು ಮೊದಲು ರಸ್ತೆಯ ಅಗಲ ನೋಡುತ್ತೇನೆ, ಆಮೇಲೆ ಮೇಲಿನ ವಿದ್ಯುತ್ ತಂತಿ. 60 ಅಡಿ ರಸ್ತೆ, ತಂತಿ ಇಲ್ಲದ ಬದಿ ಆದರೆ ಮಹಾಗನಿ. ಅದಕ್ಕಿಂತ ಕಿರಿದಾದರೆ ಹೊಳೆದಾಸವಾಳ ಅಥವಾ ಹೊಂಗೆ. ಗುಲ್‌ಮೊಹರ್ ಬೇಗ ಬೆಳೆಯುತ್ತದೆ ನಿಜ, ಆದರೆ ಅದರ ಕೊಂಬೆ ಮೆದು. ಏಪ್ರಿಲ್–ಮೇ ಗಾಳಿಮಳೆಗೆ ಸಿಗಿದು ಬೀಳುತ್ತದೆ. ಪಾರ್ಕಿಂಗ್ ಜಾಗದ ಮೇಲೆ ಮಾತ್ರ ದೊಡ್ಡೆಲೆಯ ಮಹಾಗನಿ ಬೇಡ. ಅದರ ಕಾಯಿ ಕಲ್ಲಿನಷ್ಟು ಗಟ್ಟಿ, ಸಿಪ್ಪೆಯ ಹೋಳು ಬಿದ್ದರೂ ಕಾರಿನ ಗಾಜಿಗೆ ಅಪಾಯ.

ಬೇಸಿಗೆಯ ಆರಂಭಕ್ಕೆ ಕಾಯಿ ಒಣಗಿ ಬುಡದ ಕಡೆಯಿಂದ ಬಿರಿಯುತ್ತದೆ. ರೆಕ್ಕೆಯ ಬೀಜಗಳನ್ನು ಆರಿಸಿದ ಕೂಡಲೇ ಬಿತ್ತಬೇಕು, ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ರೆಕ್ಕೆ ಮುರಿದು ಒಂದು ಇಂಚಿನೊಳಗೆ ಹೂತರೆ 2ರಿಂದ 4 ವಾರದಲ್ಲಿ ಮೊಳಕೆ. ಸಸಿ ಒಂದೂವರೆ ಅಡಿ ಆದಾಗ ದೊಡ್ಡ ಚೀಲಕ್ಕೆ ಬದಲಿಸುತ್ತೇನೆ. ಸಣ್ಣ ಚೀಲದಲ್ಲೇ ಉಳಿದರೆ ತಾಯಿಬೇರು ತಳದಲ್ಲಿ ಸುರುಳಿ ಸುತ್ತುತ್ತದೆ. ಆ ಸುರುಳಿ ಮುಂದೆ ಬಿಚ್ಚಿಕೊಳ್ಳುವುದೇ ಇಲ್ಲ. ಮೇಲೆ ಆರೋಗ್ಯವಾಗಿ ಕಾಣುವ ಮರ ಹತ್ತಾರು ವರ್ಷದ ಮೇಲೆ ಒಂದು ಗಾಳಿಗೆ ಬುಡಸಮೇತ ಒರಗುವುದಕ್ಕೆ ಇದೂ ಒಂದು ಕಾರಣ.

ಬೀದಿಗೆ ಹೋಗುವ ಸಸಿ 6ರಿಂದ 8 ಅಡಿ ಇರಲೇಬೇಕು, ಬುಡ ಹೆಬ್ಬೆರಳಿಗಿಂತ ದಪ್ಪ. ಮೊಣಕಾಲೆತ್ತರದ ಸಸಿ ದನದ ಬಾಯಿಗೆ ಹೋಗುತ್ತದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಬೆಂಗಳೂರಿನ ಬಡಾವಣೆಗಳಲ್ಲಿ ನೆಡಿಸಿದ ಮರಗಳ ನೆರಳಿನಲ್ಲೇ ನಾವು ಇಂದಿಗೂ ಓಡಾಡುತ್ತಿದ್ದೇವೆ.

ಗುಂಡಿ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ತೆಗೆದ ಮಣ್ಣಿನಲ್ಲಿ ಗಾರೆ, ಇಟ್ಟಿಗೆ ಚೂರು ಹೆಚ್ಚಿದ್ದರೆ ಅದನ್ನು ವಾಪಸ್ ತುಂಬುವುದಿಲ್ಲ. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರವಾಗಿಸಿ ಎಲೆ ಹಳದಿಯಾಗುತ್ತದೆ. ಹಿಂದಿನ ದಿನ ಗುಂಡಿಗೆ ನೀರು ತುಂಬಿ ನೋಡಿ. ಬೆಳಿಗ್ಗೆಗೂ ನಿಂತಿದ್ದರೆ ತಳವನ್ನು ಹಾರೆಯಿಂದ ಒಡೆಯಬೇಕು, ಇಲ್ಲವಾದರೆ ಬೇರು ಕೊಳೆಯುತ್ತದೆ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ. ಜೂನ್‌ನಲ್ಲಿ ನೆಡುವುದು. ಚೀಲ ಪೂರ್ತಿ ಕತ್ತರಿಸಿ ತೆಗೆದು, ಸುತ್ತಿದ ಬೇರನ್ನು ಕತ್ತರಿಸಿ, ಬುಡ ನೆಲಮಟ್ಟಕ್ಕೇ ಬರುವಂತೆ ಕೂರಿಸಬೇಕು. ಕಾಂಡ ಹೂತುಹೋಗುವಷ್ಟು ಆಳಕ್ಕೆ ಇಳಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ, ಅದರಿಂದ ತೊಗಟೆ ಕೊಳೆಯುತ್ತದೆ. ಎರಡೂ ಬದಿ ಗೂಟ ಹೊಡೆದು ಹತ್ತಿಬಟ್ಟೆಯಿಂದ ಸಡಿಲವಾಗಿ ಕಟ್ಟುತ್ತೇನೆ, ತಂತಿ ಕೂಡದು. ಬುಡದ ಸುತ್ತ 4 ಅಡಿ ಚೌಕ ಮಣ್ಣು ತೆರೆದಿರಲಿ. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ 20 ಲೀಟರ್ ನೀರು, ಎರಡನೆಯದರಲ್ಲಿ ವಾರಕ್ಕೊಮ್ಮೆ.

ಮಹಾಗನಿಯ ದೊಡ್ಡ ಶತ್ರು ಸುಳಿಕೊರಕ ಹುಳು. ಹೊಸ ಚಿಗುರು ಬಂದಾಗ ಪತಂಗ ಮೊಟ್ಟೆ ಇಡುತ್ತದೆ, ಮರಿಹುಳು ಸುಳಿಯೊಳಗೆ ಸುರಂಗ ಕೊರೆಯುತ್ತದೆ. ತುದಿ ಬಾಡಿ, ತೂತಿನ ಬಾಯಲ್ಲಿ ಕಂದು ಹಿಕ್ಕೆ ಅಂಟಿದ್ದರೆ ಅದೇ. ಔಷಧಿ ಒಳಗಿನ ಹುಳುವಿಗೆ ತಲುಪುವುದಿಲ್ಲ. ಸುರಂಗ ಮುಗಿಯುವವರೆಗೆ ಕೆಳಗೆ ಕತ್ತರಿಸಿ, ಆ ತುಂಡನ್ನು ಸುಡುತ್ತೇನೆ. ಸುಳಿ ಸತ್ತಮೇಲೆ ನಾಲ್ಕೈದು ಕವಲು ಒಟ್ಟಿಗೆ ಹೊರಡುತ್ತವೆ. ಅವು ಗೇಣುದ್ದ ಬಂದಾಗ ನೆಟ್ಟಗಿರುವ ಒಂದನ್ನು ಉಳಿಸಿ ಮಿಕ್ಕವನ್ನು ಚಿವುಟಬೇಕು. ಈ ಕೆಲಸ ತಪ್ಪಿದರೆ ಎದೆಯೆತ್ತರದಲ್ಲೇ ಕವಲೊಡೆದ ಕುಳ್ಳ ಮರವಾಗಿ, ಬಸ್ಸು ಲಾರಿಗಳಿಗೆ ಅಡ್ಡವೆಂದು ಮುಂದೆ ಕಡಿಸಿಕೊಳ್ಳುತ್ತದೆ. ಅಕ್ಕಪಕ್ಕದ ಮರದ ಅರೆನೆರಳಲ್ಲಿ ಬೆಳೆದ ಸಸಿಗೆ ಈ ಕಾಟ ಕಡಿಮೆ.

ಕೆಳಗಿನ ಕೊಂಬೆಗಳನ್ನು ಒಮ್ಮೆಲೇ ಬೋಳಿಸಬೇಡಿ, ಕಾಂಡ ದಪ್ಪವಾಗುವುದೇ ಅವುಗಳಿಂದ. ವರ್ಷಕ್ಕೆ ಕೆಲವನ್ನಷ್ಟೇ, ಹೆಬ್ಬೆರಳು ದಪ್ಪ ಆಗುವ ಮೊದಲು, ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿಗೆ ಪೆಟ್ಟಾಗದಂತೆ ತೆಗೆಯುತ್ತೇನೆ. ಗಾಯಕ್ಕೆ ಪೇಂಟ್ ಹಚ್ಚುವುದಿಲ್ಲ, ಮರ ತಾನೇ ಮುಚ್ಚಿಕೊಳ್ಳುತ್ತದೆ. ಬಲಿತ ಮರದ ತಲೆ ಕಡಿಯುವುದಂತೂ ಬೇಡವೇ ಬೇಡ. ಅಲ್ಲಿಂದ ಬರುವ ಚಿಗುರುಕೊಂಬೆಗೆ ಹಿಡಿತವಿರುವುದಿಲ್ಲ. ಗೂಟದ ಕಟ್ಟು ಒಂದು ವರ್ಷಕ್ಕೆ ಬಿಚ್ಚಿ. ಕಬ್ಬಿಣದ ಗಾರ್ಡ್ ತೊಗಟೆಗೆ ತಾಗುವ ಮೊದಲೇ ಬಿಚ್ಚಿ, ಮುಂದಿನ ಸಸಿಗೆ ಬಳಸಿ.